ಪೆಟ್ರೋಲ್ ರೊಕ್ಕ ಅಂತ ಯಾಕೆ ಮುಚ್ಚಿಡಬೇಕು?

ಶನಿವಾರ ರಾತ್ರಿ ಹತ್ತು ಗಂಟೆ ಸುಮಾರಿಗೆ ನಮ್ಮ ಹಾಸ್ಟೆಲಿನ ಯಾವುದಾದರೂ ಒಂದು ರೂಮಿನಲ್ಲಿ ಫೋನ್ ಬರುತ್ತೆ. ಆ ಕಡೆಯಿಂದ ಕೇಳೋ ಮಾತು ಹೆಚ್ಚುಕಡಿಮೆ ಪ್ರತಿಸಲ ಒಂದೇ.

“ತಮ್ಮಾ, ನಾಳೆ ಕಮಲಾಪುರ ಕಡೆ ಕಬಡ್ಡಿ ಅದ. ನಮ್ ಟೀಮಿಗಿ ಒಬ್ಬ ರೈಡರ್ ಕಮ್ಮಿ ಬಿದ್ದಾನ. ಬರ್ತೀ ಏನು?”

“ಅಣ್ಣಾರ, ಸೋಮವಾರ ಇಂಟರ್ನಲ್ ಅದರಿ.”

“ಒಂದೇ ದಿನದ ಮಾತಪಾ. ಸಂಜಿಗಿ ತಂದು ಬಿಡ್ತೀವಿ. ಪೆಟ್ರೋಲ್ ರೊಕ್ಕ ಕೊಡ್ತೀವಿ.”

ಈ ಪೆಟ್ರೋಲ್ ರೊಕ್ಕ ಅಂದ್ರೆ ಎರಡು ಸಾವಿರ, ಕೆಲವು ಸಲ ಎರಡೂವರೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ ಕ್ರಾಸ್ ದಾಟಿ ಕಮಲಾಪುರಕ್ಕೆ ಹೋಗಿ ಬರೋಕೆ ಬೈಕಿಗೆ ಇನ್ನೂರು ರೂಪಾಯಿ ಪೆಟ್ರೋಲ್ ಸಾಕು. ಅದೂ ಅಲ್ಲದೆ ಕರೆದವರೇ ಜೀಪ್ ಕಳಿಸಿರ್ತಾರೆ. ಹಾಗಾದರೆ ಆ ಎರಡು ಸಾವಿರ ಯಾವುದಕ್ಕೆ? ಎಲ್ಲರಿಗೂ ಗೊತ್ತು, ಅದು ಆಡೋದಕ್ಕೆ ಕೊಡೋ ರೊಕ್ಕ. ಆದರೆ ಹಾಗಂತ ಯಾರೂ ಬಾಯಿಬಿಟ್ಟು ಹೇಳಲ್ಲ.

ಈ ಸಂಚಿಕೆಯಲ್ಲಿ ನಾವು ಇದರ ಬಗ್ಗೆಯೇ ಬರೆಯಬೇಕು ಅಂತ ಕೂತದ್ದಕ್ಕೆ ಕಾರಣ ಒಬ್ಬ ಗೆಳೆಯನ ಮೊಣಕಾಲು. ಅದನ್ನು ಮುಂದೆ ಹೇಳ್ತೀವಿ. ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡ್ತೀವಿ: ಹಳ್ಳಿ ಟೀಮುಗಳು ಆಟಗಾರರಿಗೆ ರೊಕ್ಕ ಕೊಡೋದು ತಪ್ಪು ಅಂತ ನಾವು ಹೇಳ್ತಾ ಇಲ್ಲ. ಕೊಟ್ಟದ್ದನ್ನು ಮುಚ್ಚಿಡೋದು ತಪ್ಪು, ಮತ್ತೆ ಯಾರಿಗೆ ಮೊದಲು ಕೊಡಬೇಕೋ ಅವರನ್ನು ಬಿಟ್ಟು ಬೇರೆಯವರಿಗೆ ಕೊಡೋದು ತಪ್ಪು. ನಮ್ಮ ವಾದ ಇಷ್ಟೇ.

ನಮ್ಮ ಭಾಗದಲ್ಲಿ ತೊಗರಿ ರಾಶಿ ಮುಗಿದ ಮೇಲೆ, ಜನವರಿಯಿಂದ ಯುಗಾದಿ ತನಕ, ಜಾತ್ರೆಗಳ ಜೊತೆಗೇ ಟೂರ್ನಮೆಂಟುಗಳ ಕಾಲ. ಕಬಡ್ಡಿ, ಟೆನ್ನಿಸ್ ಬಾಲ್ ಕ್ರಿಕೆಟ್, ಅಲ್ಲಲ್ಲಿ ವಾಲಿಬಾಲ್. ಊರಿನ ಹಿರಿಯರೊಬ್ಬರು ಮೊದಲ ಬಹುಮಾನ ಕೊಡ್ತಾರೆ, ಇನ್ನೊಬ್ಬರು ಎರಡನೇದು, ಮತ್ತೊಬ್ಬರು ಶೀಲ್ಡು. ಬ್ಯಾನರಿನಲ್ಲಿ ಆಟಗಾರರ ಫೋಟೋಕ್ಕಿಂತ ದಾನಿಗಳ ಫೋಟೋ ದೊಡ್ಡದಿರುತ್ತೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ನಿಯಮ: ಒಂದು ಊರಿಗೆ ಒಂದು ತಂಡ, ಆಧಾರ್ ಕಾರ್ಡ್ ಕಡ್ಡಾಯ. ಈ ನಿಯಮ ಹುಟ್ಟಿದ್ದೇ ಹೊರಗಿನ ಆಟಗಾರರನ್ನು ತಡೆಯೋದಕ್ಕೆ. ಎಷ್ಟು ತಡೆಯುತ್ತೆ ಅನ್ನೋದು ಮೈದಾನದಲ್ಲಿ ನಿಂತವರಿಗೆ ಗೊತ್ತು. ಸೆಮಿಫೈನಲ್ ಬರೋ ಹೊತ್ತಿಗೆ ಅರ್ಧ ಟೀಮಿನ ಆಧಾರ್ ಕಾರ್ಡು ಮನೆಯಲ್ಲೇ ಮರೆತುಹೋಗಿರುತ್ತೆ.

ಬೇರೆಯವರ ಮೇಲೆ ಬೊಟ್ಟು ಮಾಡೋ ಮೊದಲು ನಮ್ಮದೂ ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ಬ್ರ್ಯಾಂಚ್ ಬ್ರ್ಯಾಂಚ್ ನಡುವಿನ ಕ್ರಿಕೆಟ್ಟಿನಲ್ಲಿ ನಮ್ಮ ಬ್ಯಾಚಿನ ಟೀಮು ಹೊರಗಿನ ಒಬ್ಬ ಬೌಲರನ್ನು ಲ್ಯಾಟರಲ್ ಎಂಟ್ರಿ ಹುಡುಗ ಅಂತ ಹೇಳಿ ಆಡಿಸಿತ್ತು. ಗೆದ್ದೆವು. ಕಪ್ಪು ಹಿಡಿದು ಫೋಟೋ ತೆಗೆಸಿಕೊಂಡೆವು. ಆ ಫೋಟೋದಲ್ಲಿ ಅವನಿಲ್ಲ, ಐದುನೂರು ರೂಪಾಯಿ ಮತ್ತು ಒಂದು ಪ್ಲೇಟ್ ಬಿರಿಯಾನಿ ತಗೊಂಡು ಅವನು ಆಗಲೇ ಹೋಗಿದ್ದ. ಅವನಿಗಾಗಿ ಜಾಗ ಬಿಟ್ಟು ಬೌಂಡರಿ ಆಚೆ ನೀರಿನ ಕ್ಯಾನು ಹಿಡಿದು ನಿಂತಿದ್ದ ನಮ್ಮ ಕ್ಲಾಸಿನವನೇ ಒಬ್ಬ ಇವತ್ತಿಗೂ ಆ ಫೋಟೋ ಸ್ಟೇಟಸ್ಸಿಗೆ ಹಾಕಿಲ್ಲ.

ಈಗ ಆ ಮೊಣಕಾಲಿನ ವಿಷಯ. ನಮ್ಮ ಹಾಸ್ಟೆಲಿನ ಒಬ್ಬ ರೈಡರ್, ಕಮಲಾಪುರ ತಾಲೂಕಿನ ಒಂದು ಹಳ್ಳಿಯವನು. ಹೆಸರು ಬೇಡ ಅಂದಿದ್ದಾನೆ. ತನ್ನ ಊರಿನ ಟೀಮಿಗೆ ಹೈಸ್ಕೂಲಿನಿಂದ ಆಡಿದವನು, ಯಾವತ್ತೂ ಒಂದು ರೂಪಾಯಿ ಇಸಗೊಂಡಿಲ್ಲ. ಅದೇ ಟೀಮಿನಲ್ಲಿ ಕಾರ್ನರ್ ಆಡೋನು ಅವನ ಕಾಕಾನ ಮಗ. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಮೂಟೆ ಹೊರೋ ಕೆಲಸ, ಹೋದ ದಿನಕ್ಕೆ ಕೂಲಿ, ಹೋಗದ ದಿನಕ್ಕೆ ಇಲ್ಲ. ಹೋದ ವರ್ಷ ಪಕ್ಕದೂರಿನವರು ನಮ್ಮ ಗೆಳೆಯನಿಗೆ ಫೋನ್ ಮಾಡಿದ್ರು. ಮೆಸ್ ಬಿಲ್ ಬಾಕಿ ಇತ್ತು, ಹೋದ. ಕ್ವಾರ್ಟರ್ ಫೈನಲ್ಲಿನಲ್ಲಿ ಎದುರಿಗೆ ಬಂದದ್ದು ಅವನ ಸ್ವಂತ ಊರೇ. ಬೋನಸ್ ಲೈನಿಗೆ ಕಾಲು ಹಾಕಿದಾಗ ಆ್ಯಂಕಲ್ ಹಿಡಿದದ್ದು ಕಾಕಾನ ಮಗ. ಮೊಣಕಾಲು ತಿರುಗಿತು. ಲಿಗಮೆಂಟ್ ಹರಿದಿದೆ, ಆಪರೇಷನ್ ಬೇಕು ಅಂದ್ರು ಡಾಕ್ಟರು.

ಕರೆಸಿದ ಊರಿನವರು ಎರಡು ಸಾವಿರ ಕೊಟ್ಟರು, ಆಟೋ ಮಾಡಿಸಿದರು, ಆಮೇಲೆ ಫೋನ್ ಎತ್ತಲಿಲ್ಲ. “ಅವ ನಮ್ಮೂರವ ಅಲ್ಲಲ್ಲಪಾ, ರೊಕ್ಕ ಕೊಟ್ಟೀವಲ್ಲ” ಅನ್ನೋದು ಅವರ ಮಾತು. ಸ್ವಂತ ಊರಿನವರ ಹತ್ತಿರ ಹೋದರೆ “ರೊಕ್ಕಕ್ಕ ಹೋಗಿದ್ದೆಲ್ಲ, ಅವರನ್ನೇ ಕೇಳು” ಅಂದ್ರು. ಟೂರ್ನಮೆಂಟ್ ಕಮಿಟಿಯವರು ಇನ್ನೂ ನಿಖರವಾಗಿ ಹೇಳಿದ್ರು: ನಮ್ಮ ಲಿಸ್ಟಿನಲ್ಲಿ ಆ ಹೆಸರೇ ಇಲ್ಲ. ಖರೇ, ಇರಲಿಲ್ಲ. ಬೇರೆ ಯಾರದೋ ಹೆಸರಿನಲ್ಲಿ ಅವನು ಆಡಿದ್ದ. ಆ ದಿನ ಕಮಲಾಪುರದ ಹತ್ತಿರ ಆ ಮೈದಾನದಲ್ಲಿ ಕಾಗದದ ಲೆಕ್ಕದ ಪ್ರಕಾರ ಅವನು ಇರಲೇ ಇಲ್ಲ.

ಆಸ್ಪತ್ರೆಗೆ ಮೊದಲು ಬಂದು ಕೂತದ್ದು ಯಾರು ಗೊತ್ತಾ? ಕಾಲು ಹಿಡಿದ ಕಾಕಾನ ಮಗ. ಒಂದು ವಾರದ ಕೂಲಿ ಬಿಟ್ಟು ಕೂತಿದ್ದ. ಉಳಿದ ಖರ್ಚಿಗೆ ಅವರಪ್ಪ ಸಾಲ ಮಾಡಿದರು, ನಾವು ಕ್ಯಾಂಟೀನಿನಲ್ಲಿ ಕ್ಯೂಆರ್ ಕೋಡ್ ಅಂಟಿಸಿ ಒಂದಿಷ್ಟು ಕೂಡಿಸಿದೆವು.

ಈ ಸುದ್ದಿ ಕೇಳಿದವರಲ್ಲಿ ಅರ್ಧ ಜನ ಹೇಳಿದ ಮಾತು: “ಅದಕ್ಕೇ ಹೇಳೋದು, ಆಟದಾಗ ರೊಕ್ಕ ಬರಬಾರದು. ಹವ್ಯಾಸಿ ಆಟ ಹವ್ಯಾಸಿಯಾಗೇ ಇರಬೇಕು.” ಕೇಳೋದಕ್ಕೆ ಚೆನ್ನಾಗಿದೆ. ಆದರೆ ಈ ‘ಹವ್ಯಾಸಿ ಆಟ’ ಅನ್ನೋ ವಿಚಾರ ಎಲ್ಲಿಂದ ಬಂತು ಅಂತ ನಾವು ಸ್ವಲ್ಪ ಓದಿ ನೋಡಿದೆವು. ಅದರ ಕಥೆ ಸ್ಪಷ್ಟವಾಗಿ ಸಿಗೋದು ರಗ್ಬಿಯಲ್ಲಿ. ನಮ್ಮ ಕಡೆ ರಗ್ಬಿ ಆಡಿದವರು ಕಡಿಮೆ. ಆದರೆ ಮೈಮೇಲೆ ಬಿದ್ದು ಕೆಡವೋ ಆಟ ಅದು, ಕಬಡ್ಡಿಯವರಿಗೆ ಅರ್ಥ ಆಗೋದು ಕಷ್ಟವಲ್ಲ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ರಗ್ಬಿ ಕ್ಲಬ್ಬುಗಳಲ್ಲಿ ಆಡುತ್ತಿದ್ದವರು ಬಟ್ಟೆ ಗಿರಣಿ, ಕಲ್ಲಿದ್ದಲು ಗಣಿಗಳ ಕೂಲಿಗಳು. ಪಂದ್ಯ ನಡೆಯೋದು ಶನಿವಾರ. ಶನಿವಾರ ಅವರಿಗೆ ಅರ್ಧ ದಿನ ಕೆಲಸ ಇರೋದು. ಆಡಬೇಕಂದ್ರೆ ಕೂಲಿ ಬಿಡಬೇಕು. ಅದಕ್ಕೆ ಅವರ ಕ್ಲಬ್ಬುಗಳು ಕೇಳಿದ್ದು ದೊಡ್ಡದೇನಲ್ಲ, ಆಟಕ್ಕಾಗಿ ತಪ್ಪಿದ ಕೂಲಿಯನ್ನು ತುಂಬಿಕೊಡೋಕೆ ಅನುಮತಿ. ಅದಕ್ಕೆ ‘ಬ್ರೋಕನ್ ಟೈಮ್’ ಅಂತ ಕರೀತಿದ್ರು. 1893ರಲ್ಲಿ ಈ ಬೇಡಿಕೆ ರಗ್ಬಿ ಯೂನಿಯನ್ನಿನ ಸಭೆಗೆ ಬಂದಾಗ 282 ಮತ ವಿರುದ್ಧ, 136 ಮತ ಪರ ಬಿದ್ದು ಸೋತಿತು. ವಿರೋಧ ಮಾಡಿದವರ ಮುಂದಾಳುಗಳು ಹೆಚ್ಚಾಗಿ ದುಡ್ಡಿದ್ದವರ ಶಾಲೆ, ದೊಡ್ಡ ವಿಶ್ವವಿದ್ಯಾಲಯಗಳಿಂದ ಬಂದವರು. ಶನಿವಾರ ಆಡಿದರೆ ಅವರಿಗೆ ಯಾವ ಕೂಲಿಯೂ ತಪ್ಪುತ್ತಿರಲಿಲ್ಲ. ಆಟ ಪವಿತ್ರ, ರೊಕ್ಕ ಮೈಲಿಗೆ ಅನ್ನೋದು ಅವರಿಗೆ ಸುಲಭವಾಗಿತ್ತು.

1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ತಮ್ಮದೇ ನಾರ್ದರ್ನ್ ಯೂನಿಯನ್ ಕಟ್ಟಿಕೊಂಡವು. ಇವತ್ತಿನ ರಗ್ಬಿ ಲೀಗ್ ಹುಟ್ಟಿದ್ದು ಹೀಗೆ. ಮೊದಲು ಅವರು ಇಟ್ಟುಕೊಂಡ ಮಿತಿ ದಿನಕ್ಕೆ ಆರು ಶಿಲ್ಲಿಂಗ್, ತಪ್ಪಿದ ಕೂಲಿಗೆ ಮಾತ್ರ. 1898ರಲ್ಲಿ ಆಟಕ್ಕೇ ಸಂಬಳ ಕೊಡಬಹುದು ಅಂತ ಒಪ್ಪಿಕೊಂಡಾಗಲೂ ಒಂದು ಷರತ್ತು ಹಾಕಿದ್ರು: ಆಟಗಾರನಿಗೆ ಬೇರೆ ಒಂದು ಖರೇ ಉದ್ಯೋಗ ಇರಲೇಬೇಕು. ನಮಗೆ ಇದು ಬಹಳ ಜಾಣತನದ ಷರತ್ತು ಅನ್ನಿಸಿತು. ಆಟ ಕೈಕೊಟ್ಟ ದಿನ ಮನೆ ನಡೀಬೇಕಲ್ಲ.

ಈ ಕಥೆ ಓದುವಾಗ ನಮಗೆ ನೆನಪಾದದ್ದು ದಾಲ್ ಮಿಲ್ಲಿನ ಆ ಕಾರ್ನರ್ ಆಟಗಾರ. ಅವನು ಆರು ವರ್ಷದಿಂದ ಊರಿನ ಟೀಮಿಗೆ ಆಡ್ತಾ ಇದ್ದಾನೆ. ವರ್ಷಕ್ಕೆ ಎಂಟು ಹತ್ತು ದಿನದ ಕೂಲಿ ಊರಿಗಾಗಿ ಬಿಟ್ಟಿದ್ದಾನೆ. ಲೆಕ್ಕ ಹಾಕಿದರೆ ಊರಿನ ಟೀಮಿಗೆ ಅತಿ ಹೆಚ್ಚು ದೇಣಿಗೆ ಕೊಟ್ಟವನು ಅವನೇ. ಆದರೆ ಬ್ಯಾನರಿನಲ್ಲಿ ಅವನ ಫೋಟೋ ಇಲ್ಲ. ಅವನನ್ನು ಹವ್ಯಾಸಿ ಆಟಗಾರ ಅಂತ ಹೊಗಳೋದು, ಅವನ ಪಕ್ಕದಲ್ಲಿ ನಿಂತ ಹೊರಗಿನವನಿಗೆ ಸದ್ದಿಲ್ಲದೆ ಎರಡೂವರೆ ಸಾವಿರ ಕೊಡೋದು, ಇದು ಯಾವ ನ್ಯಾಯ?

ಉಳಿದ ರಗ್ಬಿ ಯೂನಿಯನ್ ಮಾತ್ರ ಹಟ ಬಿಡಲಿಲ್ಲ. ಒಮ್ಮೆ ಆ ಕಡೆ ಆಡಿದವನನ್ನು ಈ ಕಡೆ ಸೇರಿಸುತ್ತಿರಲಿಲ್ಲ. ಹಾಗಂತ ಈ ಕಡೆ ರೊಕ್ಕ ಓಡಾಡಲಿಲ್ಲವಾ? ಓಡಾಡಿತು. ಪಂದ್ಯ ಮುಗಿಸಿ ಬಂದವನ ಶೂ ಒಳಗೆ ನೋಟು ಇಟ್ಟಿರೋರು. ಅದಕ್ಕೆ ‘ಬೂಟ್ ಮನಿ’ ಅಂತಲೇ ಹೆಸರು. ನಮ್ಮ ಪೆಟ್ರೋಲ್ ರೊಕ್ಕದ ಅಣ್ಣ ಅನ್ನಿ. ಕೊನೆಗೆ 1995ರ ಆಗಸ್ಟಿನಲ್ಲಿ, ಸರಿಯಾಗಿ ನೂರು ವರ್ಷ ಆದಮೇಲೆ, ಪ್ಯಾರಿಸ್ಸಿನಲ್ಲಿ ಅಂತಾರಾಷ್ಟ್ರೀಯ ಮಂಡಳಿ ಸೇರಿ ರಗ್ಬಿ ಯೂನಿಯನ್ನಿನಲ್ಲೂ ಸಂಬಳ ಕೊಡಬಹುದು ಅಂತ ಸಾರಿತು.

ಇನ್ನು ನಮ್ಮ ನೆಲದ ಮಾತಿಗೆ ಬರೋಣ. ಆಟಕ್ಕೆ ರೊಕ್ಕ ಅನ್ನೋದು ನಮಗೆ ಟಿವಿ ತೋರಿಸಿಕೊಟ್ಟದ್ದಲ್ಲ. ಜಾತ್ರೆಯ ಕುಸ್ತಿ ನೋಡಿ. ಹಲಗಿ ಬಡಿತಾ ಇರ್ತದ, ಮೊದಲು ಸಣ್ಣ ಹುಡುಗರದು ತೆಂಗಿನಕಾಯಿ ಕುಸ್ತಿ. ಆಮೇಲೆ ಐವತ್ತು, ನೂರು, ಐದುನೂರು ಹೀಗೆ ಏರ್ತಾ ಹೋಗಿ ಕೊನೆಯ ಜೋಡಿಗೆ ಬೆಳ್ಳಿ ಕಡಗ. ಪೈಲ್ವಾನ ಬೇರೆ ಊರಿನಿಂದ ಬಂದಿರಬಹುದು, ಗಡಿಯ ಆಚೆ ಮಹಾರಾಷ್ಟ್ರದಿಂದಲೂ ಬಂದಿರಬಹುದು. ಯಾರಿಗೂ ಬೇಜಾರಿಲ್ಲ. ಯಾಕಂದ್ರೆ ಅವನ ಹೆಸರು, ಅವನ ಊರು, ಈ ಕುಸ್ತಿಗೆ ಎಷ್ಟು ಅನ್ನೋದು ಎಲ್ಲಾ ಕಣದಲ್ಲೇ ಕೂಗಿ ಹೇಳ್ತಾರೆ. ಗೆದ್ದವನ ಕೈಗೆ ಎಲ್ಲರ ಕಣ್ಣೆದುರೇ ರೊಕ್ಕ ಬೀಳುತ್ತೆ, ನೋಡೋಕೆ ಬಂದ ಮುದುಕರೂ ತಮ್ಮ ಜೇಬಿನಿಂದ ಹತ್ತಿಪ್ಪತ್ತು ಸೇರಿಸ್ತಾರೆ. ಅಲ್ಲಿ ನಾಚಿಕೆ ಇಲ್ಲ, ಸುಳ್ಳು ಹೆಸರಿಲ್ಲ. ಅಜ್ಜಂದಿರ ಕಾಲದಿಂದ ಇದ್ದ ಈ ಪದ್ಧತಿಯನ್ನು ಕಬಡ್ಡಿಗೆ ಬಂದಾಗ ನಾವ್ಯಾಕೆ ಮರೆತೆವು?

ಕಬಡ್ಡಿಯ ಮೇಲಿನ ಮೆಟ್ಟಿಲಲ್ಲಿ ಈ ಮುಚ್ಚುಮರೆ ಯಾವಾಗಲೋ ಹೋಗಿದೆ. ಪ್ರೊ ಕಬಡ್ಡಿ ಲೀಗ್ ಶುರುವಾದ 2014ರಲ್ಲಿ ಹರಾಜಿನ ಅತಿ ದೊಡ್ಡ ಬೆಲೆ ರಾಕೇಶ್ ಕುಮಾರ್ ಅವರದು, 12 ಲಕ್ಷ 80 ಸಾವಿರ. 2023ರಲ್ಲಿ ಪವನ್ ಸೆಹ್ರಾವತ್ ಅವರಿಗೆ ತೆಲುಗು ಟೈಟಾನ್ಸ್ ಕೊಟ್ಟದ್ದು 2 ಕೋಟಿ 60 ಲಕ್ಷದ ಮೇಲೆ. ಇಷ್ಟಾದರೂ ದೇಶದ ಕಬಡ್ಡಿ ಸಂಸ್ಥೆಯ ಹೆಸರು ಇವತ್ತಿಗೂ ‘ಅಮೆಚೂರ್ ಕಬಡ್ಡಿ ಫೆಡರೇಷನ್ ಆಫ್ ಇಂಡಿಯಾ’. ಹೆಸರಿನಲ್ಲಿ ಹವ್ಯಾಸಿ, ಹರಾಜಿನಲ್ಲಿ ಕೋಟಿ! ನಗು ಬರುತ್ತೆ, ಆದರೆ ಅಲ್ಲಿ ಒಂದು ಒಳ್ಳೇದು ಇದೆ. ಹರಾಜಾದ ಆಟಗಾರನ ಬೆಲೆ ಎಲ್ಲರಿಗೂ ಗೊತ್ತು, ಕರಾರು ಇದೆ, ಗಾಯವಾದರೆ ಫಿಸಿಯೋ ಓಡಿ ಬರ್ತಾನೆ. ಮ್ಯಾಟ್ ಮೇಲೆ ಆಡೋನಿಗೆ ಇರೋ ಈ ರಕ್ಷಣೆ, ಕಲ್ಲು ಆರಿಸಿ ನೀರು ಹೊಡೆದ ಮಣ್ಣಿನ ಅಂಕಣದಲ್ಲಿ ಆಡೋ ಹುಡುಗನಿಗೆ ಒಂದು ಚೂರೂ ಇಲ್ಲ. ಬೀಳೋದು ಮಾತ್ರ ಇಬ್ಬರೂ ಒಂದೇ ರೀತಿ.

ರೊಕ್ಕದ ಬಾಗಿಲು ಪೂರ್ತಿ ತೆರೆದುಬಿಟ್ಟರೆ ಎಲ್ಲಾ ಸರಿಯಾಗುತ್ತೆ ಅಂತಲೂ ನಾವು ಹೇಳಲ್ಲ. ಮತ್ತೆ ರಗ್ಬಿಯನ್ನೇ ನೋಡಿ. ಲಂಡನ್ನಿನ ರಿಚ್ಮಂಡ್ ಹಳೆಯ ಕ್ಲಬ್ಬು. 1996ರಲ್ಲಿ ಆ್ಯಶ್ಲಿ ಲೆವೆಟ್ ಅನ್ನೋ ಶ್ರೀಮಂತ ಅದನ್ನು ಕೊಂಡ. ದೊಡ್ಡ ದೊಡ್ಡ ಆಟಗಾರರು ಬಂದರು, ಕ್ಲಬ್ಬು ಮೇಲಿನ ದರ್ಜೆಗೆ ಏರಿತು. 1999ರಲ್ಲಿ ಅವನು ಕೈ ಎತ್ತಿದ, ಕ್ಲಬ್ಬು ದಿವಾಳಿ ಅಂಚಿಗೆ ಬಂತು, ವೃತ್ತಿಪರ ತಂಡವನ್ನು ಲಂಡನ್ ಐರಿಶ್ ಜೊತೆ ವಿಲೀನ ಮಾಡಿದ್ರು. ರಿಚ್ಮಂಡ್ ಮತ್ತೆ ಹವ್ಯಾಸಿ ಕ್ಲಬ್ಬಾಗಿ ಅತಿ ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಬೇಕಾಯ್ತು. ತಮಾಷೆ ಅಂದ್ರೆ ಆ ಲಂಡನ್ ಐರಿಶ್ ಕೂಡ 2023ರಲ್ಲಿ ಹಣವಿಲ್ಲದೆ ಲೀಗಿನಿಂದ ಹೊರಬಿತ್ತು. ಅದಕ್ಕೂ ಮುಂಚೆ 2022ರಲ್ಲಿ ವೂಸ್ಟರ್ ಮತ್ತು ವಾಸ್ಪ್ಸ್ ಕ್ಲಬ್ಬುಗಳದೂ ಇದೇ ಗತಿ.

ಒಬ್ಬನೇ ಧಣಿಯ ಜೇಬಿನ ಮೇಲೆ ನಿಂತ ಟೀಮು ಅವನ ಮನಸ್ಸು ಬದಲಾದ ದಿನ ಬೀಳುತ್ತೆ. ಇದಕ್ಕೆ ಲಂಡನ್ನಿಗೆ ಹೋಗಬೇಕಿಲ್ಲ. ಚುನಾವಣೆ ವರ್ಷ ನಮ್ಮ ಹಳ್ಳಿಗಳಲ್ಲಿ ಎಷ್ಟು ಟೀಮಿಗೆ ಹೊಸ ಜರ್ಸಿ ಬರುತ್ತೆ, ಫಲಿತಾಂಶ ಬಂದ ಮರುವರ್ಷ ಎಷ್ಟು ಟೀಮು ಆಡುತ್ತೆ, ಎಣಿಸಿ ನೋಡಿ.

ಇನ್ನೊಂದು ಮಾತು. ಹೊರಗಿನವರನ್ನು ಕೊಂಡು ಕಟ್ಟಿದ ತಂಡ ಊರಿನ ಹೆಸರು ಹೊತ್ತರೆ ಊರಿಗೆ ಎಷ್ಟು ದಕ್ಕುತ್ತೆ? 2022ರಲ್ಲಿ ಮಹಾರಾಜ ಟ್ರೋಫಿ ಟಿ20 ಗೆದ್ದದ್ದು ಗುಲ್ಬರ್ಗ ಮಿಸ್ಟಿಕ್ಸ್. ನಾವೂ ಹಾಸ್ಟೆಲಿನಲ್ಲಿ ಕೂಗಾಡಿದ್ದೆವು. ಆದರೆ ಆ ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ವೃತ್ತಿಪರ ಲೀಗಿನ ರೀತಿಯೇ ಅದು, ಅದರ ಬಗ್ಗೆ ತಕರಾರಿಲ್ಲ. ಆದರೆ ಒಂದು ಹಳ್ಳಿಯ ಟೀಮಿನ ಕೆಲಸ ಬೇರೆ. ಅಲ್ಲಿ ನಮ್ಮ ಹುಡುಗರು ಅಂಕಣಕ್ಕೆ ಇಳೀಬೇಕು. ಇಲ್ಲಾಂದ್ರೆ ಶೀಲ್ಡು ಪಂಚಾಯ್ತಿ ಕಟ್ಟೆಗೆ ಬರುತ್ತೆ, ಆಟ ಊರಿಗೆ ಬರೋದಿಲ್ಲ.

ಇಂಜಿನಿಯರಿಂಗ್ ಓದೋರು ಲೆಕ್ಕ ಹಾಕದೆ ಬಿಟ್ಟರೆ ಹೇಗೆ? ಒಂದು ಉದಾಹರಣೆ ನೋಡಿ. ಅಂಕಿ ನಾವೇ ಇಟ್ಟುಕೊಂಡದ್ದು, ನಿಮ್ಮೂರಿನದಕ್ಕೆ ಹೊಂದಿಸಿಕೊಳ್ಳಿ. ಮೊದಲ ಬಹುಮಾನ 15,000. ಎಂಟ್ರಿ ಫೀ 1,000, ಜೀಪು 2,500, ಊಟ ಮತ್ತಿತರೆ 1,500. ಹೊರಗಿನ ಮೂವರಿಗೆ ತಲಾ 2,500, ಅಂದ್ರೆ 7,500. ಒಟ್ಟು ಖರ್ಚು 12,500. ಗೆದ್ದರೆ ಉಳಿಯೋದು 2,500. ಊರಿನ ಒಂಬತ್ತು ಹುಡುಗರಿಗೆ ಹಂಚಿದರೆ ತಲೆಗೆ ಮುನ್ನೂರೂ ಬೀಳಲ್ಲ. ಸೋತರೆ ಹನ್ನೆರಡೂವರೆ ಸಾವಿರ ಯಾರದೋ ತಲೆ ಮೇಲೆ. ಮತ್ತೆ ಯಾವುದಾದರೂ ಧಣಿಯ ಬಾಗಿಲು.

ಈಗ ಹೊರಗಿನವರನ್ನು ಬಿಡಿ. ಊರಿನ ಹನ್ನೆರಡು ಹುಡುಗರಿಗೆ ಆಡಿದ ದಿನಕ್ಕೆ ಒಂದು ಕೂಲಿ ಕೊಡಿ. ಎಷ್ಟು ಕೂಲಿ ಅಂತ ಜಗಳ ಬೇಡ, 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ, ಅದನ್ನೇ ಇಟ್ಟುಕೊಳ್ಳಿ. ಹನ್ನೆರಡು ಜನಕ್ಕೆ 4,440. ಫೀ, ಜೀಪು, ಊಟ ಸೇರಿ ಒಟ್ಟು 9,440. ಮೊದಲಿನ ಲೆಕ್ಕಕ್ಕಿಂತ 3,060 ಕಮ್ಮಿ. ಇದರಲ್ಲಿ 240 ರೂಪಾಯಿ ಹಾಕಿದರೆ ಹನ್ನೆರಡೂ ಜನರನ್ನು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿಸಬಹುದು. ಬ್ಯಾಂಕ್ ಖಾತೆ ಇರೋ 18 ದಾಟಿದವರಿಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ. ಲಿಗಮೆಂಟ್ ಆಪರೇಷನ್ನಿಗೆ ಇದು ಬರಲ್ಲ, ಅದು ಗೊತ್ತಿರಲಿ. ಅದಕ್ಕೇ ಉಳಿದ 2,820 ರೂಪಾಯಿ ಗಾಯದ ನಿಧಿಗೆ. ಒಂದು ಸೀಸನ್ನಿನಲ್ಲಿ ಐದು ಟೂರ್ನಮೆಂಟ್ ಆಡಿದರೆ ಹದಿನಾಲ್ಕು ಸಾವಿರ. ಪೂರ್ತಿ ಆಪರೇಷನ್ ಆಗದಿದ್ದರೂ ಎಂ.ಆರ್.ಐ. ತೆಗೆಸೋಕೆ ಅಪ್ಪ ಸಾಲ ಮಾಡಬೇಕಿಲ್ಲ.

ಕೂಲಿ ತಪ್ಪಿಸಿಕೊಂಡವರಿಗೆ ಮಾತ್ರ ಕೊಟ್ಟರೆ ಸಾಲದಾ, ಎಲ್ಲರಿಗೂ ಯಾಕೆ ಅಂತ ನಮ್ಮೊಳಗೇ ಚರ್ಚೆ ಆಯ್ತು. ಇಂಗ್ಲೆಂಡಿನ ಗಿರಣಿಯಲ್ಲಿ ಹಾಜರಿ ಪುಸ್ತಕ ಇತ್ತು. ನಮ್ಮಲ್ಲಿ ಸ್ವಂತ ಹೊಲದಲ್ಲಿ ಕಸ ತೆಗೆಯೋ ಹುಡುಗನ ಕೂಲಿ ಯಾವ ಪುಸ್ತಕದಲ್ಲಿದೆ? ಒಬ್ಬನಿಗೆ ಕೊಟ್ಟು ಒಬ್ಬನಿಗೆ ಬಿಟ್ಟರೆ ಜಗಳ ಗ್ಯಾರಂಟಿ. ಎಲ್ಲರಿಗೂ ಒಂದೇ ಇರಲಿ. ಬೇಡ ಅನ್ನೋನು ತನ್ನ ಪಾಲನ್ನು ಗಾಯದ ನಿಧಿಗೆ ಹಾಕಲಿ.

ಹೊರಗಿನವರನ್ನು ಪೂರ್ತಿ ನಿಲ್ಲಿಸಬೇಕಾ? ಬೇಡ. ಒಳ್ಳೆಯ ರೈಡರ್ ಪಕ್ಕದಲ್ಲಿ ಆಡಿದರೆ ನಮ್ಮ ಹುಡುಗರೂ ಕಲೀತಾರೆ. ಒಂದು ಟೀಮಿಗೆ ಇಬ್ಬರು ಸಾಕು. ಅವರು ತಮ್ಮ ಸ್ವಂತ ಹೆಸರಿನಲ್ಲೇ ಆಡಲಿ. ಟೀಮು ಅಂಕಣಕ್ಕೆ ಇಳಿಯುವಾಗ ಮೈಕಿನಲ್ಲಿ ಕುಸ್ತಿಯ ಹಾಗೆ ಹೇಳಲಿ: ಇಂಥಾ ಊರಿನ ಇಂಥವರು, ಇವತ್ತು ಇಂಥಾ ಟೀಮಿಗೆ ಆಡ್ತಾರೆ, ಇಷ್ಟು ಗೌರವಧನ. ಕರೆಸಿದವರು ಒಂದು ಹಾಳೆಯ ಮೇಲೆ ಹೆಸರು, ತಾರೀಖು, ಮೊತ್ತ, ಗಾಯವಾದರೆ ಯಾರ ಹೊಣೆ ಅನ್ನೋ ನಾಲ್ಕು ಸಾಲು ಬರೆದು ಸಹಿ ಹಾಕಿ, ಕಮಿಟಿಯ ವಾಟ್ಸಾಪ್ ಗುಂಪಿಗೆ ಫೋಟೋ ಕಳಿಸಲಿ. ಅಂಥ ಒಂದು ಹಾಳೆ ಇದ್ದಿದ್ದರೆ “ಲಿಸ್ಟಿನಲ್ಲಿ ಹೆಸರೇ ಇಲ್ಲ” ಅನ್ನೋ ಮಾತು ನಮ್ಮ ಗೆಳೆಯ ಕೇಳಬೇಕಾಗಿರಲಿಲ್ಲ.

ಇದಕ್ಕೆ ಬರೋ ಆಕ್ಷೇಪಣೆ ನಮಗೆ ಗೊತ್ತು. ಊರ ಅಭಿಮಾನಕ್ಕೆ ಆಡೋ ಹುಡುಗರಿಗೆ ರೊಕ್ಕದ ರುಚಿ ಹತ್ತಿಸಬೇಡಿ ಅಂತಾರೆ. ರುಚಿ ಹತ್ತಿ ಎಷ್ಟೋ ವರ್ಷ ಆಯ್ತು ಸ್ವಾಮಿ, ಆದರೆ ಅದು ಹತ್ತಿದ್ದು ಕೆಲವರಿಗೆ ಮಾತ್ರ, ಕತ್ತಲಲ್ಲಿ. ಮತ್ತೆ 370 ರೂಪಾಯಿಯ ಆಸೆಗೆ ಯಾರೂ ಮೊಣಕಾಲು ಒಡ್ಡಲ್ಲ. ಅದು ಲಾಭ ಅಲ್ಲ, ನಷ್ಟ ತುಂಬಿಕೊಡೋದು. ಅಭಿಮಾನ ಇರೋದಕ್ಕೇ ಆ ಕಾರ್ನರ್ ಹುಡುಗ ಆರು ವರ್ಷ ಪುಕ್ಕಟೆ ಆಡಿದ. ಈಗ ಅವನಿಗೆ ಮದುವೆಯಾಗಿದೆ, ಒಂದು ಮಗು ಇದೆ. “ಮುಂದಿನ ವರ್ಷ ನಾ ಆಡಂಗಿಲ್ಲ, ಮನ್ಯಾಗ ಬೈತಾರ” ಅಂದಿದ್ದಾನೆ. ಅವನ ಅಭಿಮಾನ ಕಮ್ಮಿಯಾಗಿಲ್ಲ, ಅವನ ಅಭಿಮಾನದ ಖರ್ಚನ್ನು ಇನ್ನು ಮೇಲೆ ಅವನ ಹೆಂಡತಿ ಮಗು ಕಟ್ಟಬೇಕಾಗಿದೆ.

ರೊಕ್ಕ ಬಹಿರಂಗ ಮಾಡಿದರೆ ಜಗಳ ಹೆಚ್ಚಾಗುತ್ತೆ ಅಂತ ಇನ್ನು ಕೆಲವರು ಹೇಳ್ತಾರೆ. ಮೊದಮೊದಲು ಆಗಬಹುದು. ಆದರೆ ಈಗೇನು ಜಗಳ ಇಲ್ವಾ? ಅವನಿಗೆ ಐದು ಸಾವಿರ ಕೊಟ್ಟರಂತೆ, ಇವನಿಗೆ ಮೂರಂತೆ ಅನ್ನೋ ಗುಸುಗುಸು ಟೀಮನ್ನು ಒಳಗಿಂದ ತಿನ್ನೋದು ನಾವು ಕಂಡಿದ್ದೇವೆ. ಗೊತ್ತಿರೋ ಅಂಕಿಯ ಮೇಲೆ ಜಗಳ ಆಡಿದರೆ ಒಂದು ಸಂಜೆಯಲ್ಲಿ ಮುಗಿಯುತ್ತೆ, ಗೊತ್ತಿಲ್ಲದ ಅಂಕಿಯ ಜಗಳ ವರ್ಷಗಟ್ಟಲೆ ನಡೆಯುತ್ತೆ.

ಈ ಲೇಖನದ ಮೊದಲ ಕರಡು ಓದಿದ ನಮ್ಮ ಸಂಘದ ಹುಡುಗಿಯರು ಒಂದು ಪ್ರಶ್ನೆ ಕೇಳಿ ನಮ್ಮ ಬಾಯಿ ಮುಚ್ಚಿಸಿದರು. “ನಮಗ ಯಾರೂ ಪೆಟ್ರೋಲ್ ರೊಕ್ಕ ಕೊಡ್ತೀನಿ ಅಂತ ಫೋನ್ ಮಾಡಿಲ್ಲಲ್ಲ?” ಖರೇ. ಕಾಲೇಜಿನ ಹುಡುಗಿಯರ ಕಬಡ್ಡಿ ಟೀಮು ಪ್ರಾಕ್ಟೀಸಿಗೆ ಹೋಗೋ ಆಟೋ ಖರ್ಚನ್ನೂ ತಾವೇ ಹಾಕಿಕೊಳ್ತಾರೆ. ಹಳ್ಳಿ ಟೂರ್ನಮೆಂಟುಗಳಲ್ಲಿ ಅವರ ಪಂದ್ಯವೇ ಅಪರೂಪ. ಹಾಗಾಗಿ ಆಟದ ದಿನದ ಕೂಲಿ ಅಂತ ಎಲ್ಲೇ ಶುರುವಾದರೂ ಹುಡುಗಿಯರಿಗೂ ಅಷ್ಟೇ ಅಂತ ಮೊದಲ ಸಾಲಿನಲ್ಲೇ ಬರೀಬೇಕು. ಆಮೇಲೆ ಸೇರಿಸ್ತೀವಿ ಅಂದದ್ದು ಯಾವತ್ತೂ ಸೇರಲ್ಲ.

ಊರಿನವರಿಗೆ ಬುದ್ಧಿ ಹೇಳಿ ಸುಮ್ಮನೆ ಕೂರೋದು ಸುಲಭ, ಅದಕ್ಕೇ ನಮ್ಮಿಂದಲೇ ಶುರು ಮಾಡೋಣ ಅಂತಿದ್ದೇವೆ. ಬರೋ ಸೆಮಿಸ್ಟರಿನಲ್ಲಿ ನಮ್ಮ ಸಂಘ ನಡೆಸೋ ರಾಜ್ಯೋತ್ಸವದ ಕಬಡ್ಡಿಯಲ್ಲಿ ಎಂಟ್ರಿ ಫೀಯ ಒಂದು ಪಾಲು ಗಾಯದ ನಿಧಿಗೆ ಹೋಗುತ್ತೆ. ಖರ್ಚಿನ ಲೆಕ್ಕ ಈ ಪತ್ರಿಕೆಯಲ್ಲೇ ಹಾಕ್ತೀವಿ, ಹತ್ತು ರೂಪಾಯಿ ಚಹಾ ಸಹಿತ. ಬೇರೆ ಹೆಸರಿನಲ್ಲಿ ಯಾರನ್ನಾದರೂ ಆಡಿಸಿದ ಟೀಮು ಹೊರಗೆ, ಅದು ನಮ್ಮ ಬ್ರ್ಯಾಂಚೇ ಆಗಿದ್ದರೂ. ಕಮಲಾಪುರ, ಆಳಂದ, ಚಿಂಚೋಳಿ, ಚಿತ್ತಾಪುರ ಕಡೆಯಿಂದ ಬಂದು ಓದೋ ಗೆಳೆಯರೇ, ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಟೀಮಿನ ಹಿರಿಯರ ಮುಂದೆ ಈ ಲೆಕ್ಕ ಇಡಿ. ಬೈದರೆ ಬೈಸಿಕೊಳ್ಳಿ. ಕೂತು ಓದಿದರೆ ಅಷ್ಟೇ ಸಾಕು.

ನಮ್ಮ ಗೆಳೆಯನಿಗೆ ಈಗ ನಡೆಯೋಕೆ ತೊಂದರೆಯಿಲ್ಲ, ಹಾಸ್ಟೆಲಿನ ಮೆಟ್ಟಿಲು ಇಳಿಯುವಾಗ ಮಾತ್ರ ಗೋಡೆ ಹಿಡೀತಾನೆ. ಮತ್ತೆ ಆಡಬಹುದಾ ಇಲ್ವಾ ಅಂತ ಡಾಕ್ಟರು ಇನ್ನೂ ಹೇಳಿಲ್ಲ. ಮೊನ್ನೆ ಶನಿವಾರ ರಾತ್ರಿ ಅವನಿಗೆ ಮತ್ತೆ ಒಂದು ಫೋನ್ ಬಂತು, ಬೇರೆ ಊರಿನವರು, ವಿಷಯ ಗೊತ್ತಿಲ್ಲದೆ ಮಾಡಿದ್ದು. ಕಾಲಿನ ಸುದ್ದಿ ಹೇಳಿದ. ಆ ಕಡೆಯವರು ಅಯ್ಯೋ ಪಾಪ ಅಂದ್ರು, ಆಮೇಲೆ ಕೇಳಿದ್ರು: “ನಿನ್ ರೂಮಿನಾಗ ಬ್ಯಾರೆ ಯಾರರ ರೈಡರ್ ಅದಾನೇನು ತಮ್ಮಾ? ಪೆಟ್ರೋಲ್ ರೊಕ್ಕ ಕೊಡ್ತೀವಿ.”

ಅವನು ಫೋನನ್ನು ಪಕ್ಕದ ಮಂಚದವನಿಗೆ ಕೊಟ್ಟ. ಕೊಡುವಾಗ ಒಂದೇ ಮಾತು ಹೇಳಿದ, “ಬರದು ಕೊಡ್ತಾರೇನು ಕೇಳು.”